ಫ್ಲೆಕ್ಸಿ ಎಂದರೆ ಯಾರಿಗೆ ಸಡಿಲ?

ಕಳೆದ ಡಿಸೆಂಬರ್‌ನಲ್ಲಿ ನನ್ನ ಮುಂದೆ ಎರಡು ಕೆಲಸಗಳಿದ್ದವು. ಮೊದಲನೆಯದು ಪುಣೆಯದ್ದೇ. ವಾರಕ್ಕೆ ಮೂರು ದಿನ ಹಿಂಜೆವಾಡಿಯ ಕಚೇರಿಗೆ ಹೋಗಬೇಕು, ಸಂಬಳ ಆಗಿನದಕ್ಕಿಂತ ಶೇ 20ರಷ್ಟು ಹೆಚ್ಚು. ಎರಡನೆಯದರಲ್ಲಿ ಸಂಬಳ ಆಗಿನಷ್ಟೇ, ಆದರೆ ಎಲ್ಲಿ ಬೇಕಾದರೂ ಕುಳಿತು ಮಾಡಬಹುದು. ‘ಎಲ್ಲಿ ಬೇಕಾದರೂ’ ಎಂದರೆ ನನ್ನ ಪಾಲಿಗೆ ಹಾವೇರಿ ಜಿಲ್ಲೆಯ ನಮ್ಮೂರು. ಅಪ್ಪನಿಗೆ ಒಂದು ವರ್ಷದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್. ಕರೆದುಕೊಂಡು ಹೋಗಿ ಬರುವವಳು ಅವ್ವ ಒಬ್ಬಳೇ. ಇದರಲ್ಲಿ ಯೋಚಿಸುವಂಥದ್ದು ಏನಿದೆ ಎಂದುಕೊಂಡು ಎರಡನೆಯದಕ್ಕೆ ಸಹಿ ಹಾಕಲು ಹೊರಟಿದ್ದೆ.

ಎರಡೂ ಕೆಲಸ ತೋರಿಸಿದ್ದು ಒಂದೇ ನೇಮಕಾತಿ ಏಜೆನ್ಸಿ. ಅದನ್ನು ನಡೆಸುವವರು ಧಾರವಾಡದ ಅಕ್ಕ. ಮದುವೆಯಾಗಿ ಪುಣೆಗೆ ಬಂದು, ಕೋಥ್ರೂಡ್‌ನ ಎರಡು ಕೋಣೆಯ ಕಚೇರಿಯಲ್ಲಿ ಹದಿನಾಲ್ಕು ವರ್ಷದಿಂದ ಐ.ಟಿ. ಕಂಪನಿಗಳಿಗೆ ಜನರನ್ನು ಹುಡುಕಿಕೊಡುತ್ತಿದ್ದಾರೆ. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: ‘ಸಹಿ ಹಾಕೂಕಿಂತ ಮೊದ್ಲ ಒಂದ್ ಸಲ ಬಂದು ಚಹಾ ಕುಡದು ಹೋಗಪಾ.’

ಆ ಭಾನುವಾರದ ಎರಡು ತಾಸಿನಲ್ಲಿ, ಹನ್ನೆರಡು ವರ್ಷದ ನೌಕರಿಯಲ್ಲಿ ನನಗೆ ಕಾಣದೇ ಇದ್ದ ಉದ್ಯೋಗ ಮಾರುಕಟ್ಟೆಯ ಇನ್ನೊಂದು ಮಗ್ಗುಲು ಕಾಣಿಸಿತು. ಮನೆಯಿಂದ ಕೆಲಸ, ಹೈಬ್ರಿಡ್, ರಿಮೋಟ್ ಎಂದು ನಾವು ಆಡುವ ಮಾತುಗಳು ಮೇಜಿನ ಆಚೆ ಬದಿಯಲ್ಲಿ ಕುಳಿತವರಿಗೆ ಬೇರೆಯೇ ಆಗಿ ಕೇಳಿಸುತ್ತವೆ. ನನ್ನಂತೆ ಊರು ಬಿಟ್ಟು ಬಂದು, ಊರ ಕಡೆ ಒಂದು ಕಣ್ಣಿಟ್ಟು ಬದುಕುವವರಿಗೆ ಅದು ತಿಳಿದಿರುವುದು ಒಳ್ಳೆಯದು.

ಮೊದಲು ಹಣದ ಲೆಕ್ಕ. ಏಜೆನ್ಸಿಗೆ ದುಡ್ಡು ಕೊಡುವುದು ಕಂಪನಿ, ನಾವಲ್ಲ. ಸಾಮಾನ್ಯವಾಗಿ ಅಭ್ಯರ್ಥಿಯ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು ಕಮಿಷನ್. ಅದೂ ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ. ಮೂರು ತಿಂಗಳೊಳಗೆ ಬಿಟ್ಟುಹೋದರೆ ಪುಕ್ಕಟೆಯಾಗಿ ಇನ್ನೊಬ್ಬರನ್ನು ಹುಡುಕಿಕೊಡಬೇಕು. ಹಾಗಾಗಿ ಅಭ್ಯರ್ಥಿ ‘ನನಗೆ ರಿಮೋಟ್ ಬೇಕು’ ಎಂದಾಗ, ‘ಇವನು ಸೇರುತ್ತಾನೋ, ಸೇರಿ ನಿಲ್ಲುತ್ತಾನೋ’ ಎಂಬುದೇ ಏಜೆನ್ಸಿಯ ಮೊದಲ ಪ್ರಶ್ನೆ. ‘ನಾನೂ ವ್ಯಾಪಾರಕ್ಕ ಕುಂತಾಕಿ. ನನ್ನ ಮಾತನ್ನೂ ತೂಗಿ ನೋಡ್ಕೋ’ ಎಂದು ಅಕ್ಕ ಮೊದಲೇ ಹೇಳಿಬಿಟ್ಟರು.

ಅವರ ಪ್ರಕಾರ ಫ್ಲೆಕ್ಸಿಬಿಲಿಟಿ ಎಂಬುದು ಸೌಲಭ್ಯವೂ ಅಲ್ಲ, ಸಿದ್ಧಾಂತವೂ ಅಲ್ಲ, ಅದೊಂದು ಬೆಲೆ. ಈರುಳ್ಳಿ ಬೆಲೆಯಂತೆ ಏರುತ್ತದೆ, ಇಳಿಯುತ್ತದೆ. ಕಳೆದ ಐದಾರು ವರ್ಷಗಳ ವಿದ್ಯಮಾನ ನೋಡಿದರೆ ಈ ಮಾತನ್ನು ತಳ್ಳಿಹಾಕುವುದು ಕಷ್ಟ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಮನೆಯಿಂದ ಕೆಲಸ ಅನಿವಾರ್ಯವಾಗಿತ್ತು. ಅದೇ ವರ್ಷ ಟಿಸಿಎಸ್, 2025ರ ಹೊತ್ತಿಗೆ ಯಾವುದೇ ಹೊತ್ತಿನಲ್ಲಿ ತನ್ನ ಶೇ 25ರಷ್ಟು ನೌಕರರು ಮಾತ್ರ ಕಚೇರಿಯಲ್ಲಿದ್ದರೆ ಸಾಕು ಎಂಬ ಯೋಜನೆ ಪ್ರಕಟಿಸಿತು. ಸರ್ಕಾರವೂ ದಾರಿ ಸುಗಮ ಮಾಡಿತು. ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಬಿಪಿಒಗಳ ಮೇಲಿದ್ದ ನಿಯಮಗಳನ್ನು ಸಡಿಲಿಸಿತು. 2022ರ ಜುಲೈನಲ್ಲಿ ವಿಶೇಷ ಆರ್ಥಿಕ ವಲಯದ ಘಟಕಗಳಿಗೂ ಮನೆಯಿಂದ ಕೆಲಸ ಮಾಡಿಸಲು ಅವಕಾಶ ಸಿಕ್ಕಿತು. ಬೇಡಿಕೆ ಉಕ್ಕುತ್ತಿದ್ದ ಕಾಲ ಅದು. 2022ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಇನ್ಫೊಸಿಸ್‌ನಲ್ಲಿ ಕೆಲಸ ಬಿಡುವವರ ಪ್ರಮಾಣ ಶೇ 28.4ಕ್ಕೆ ಮುಟ್ಟಿತ್ತು. ಜನ ನಿಲ್ಲುತ್ತಿಲ್ಲ ಎಂದಾಗ ಕೇಳಿದ್ದನ್ನೆಲ್ಲ ಕೊಡುತ್ತಾರೆ. ‘ಒಬ್ಬೊಬ್ಬರ ಕೈಯಾಗ ನಾಕ್ನಾಕು ಆಫರ್ ಇದ್ದೂ. ಸೇರೂ ದಿನ ಮುಂಜಾನೆ ಫೋನ್ ಎತ್ತತಿದ್ದಿಲ್ಲ’ ಎಂದು ಅಕ್ಕ ನೆನಪಿಸಿಕೊಂಡರು. ತೊಂಬತ್ತು ದಿನದ ನೋಟಿಸ್ ಅವಧಿಯನ್ನು ಕಂಪನಿಗಳು ಇಟ್ಟುಕೊಂಡಿದ್ದು ನಮ್ಮನ್ನು ಕಟ್ಟಿಹಾಕಲು. ಆಗ ಅದೇ ನಮಗೆ ಮೂರು ತಿಂಗಳ ಸಂತೆಯಾಯಿತು.

ನಾನೂ ಆ ಸಂತೆಯಲ್ಲಿ ಇದ್ದವನೇ. ಇಪ್ಪತ್ತು ತಿಂಗಳು ಊರಲ್ಲಿ ಕುಳಿತು ಕೋಡ್ ಬರೆದೆ. ಅಟ್ಟದ ಮೇಲಿನ ಕೋಣೆ, ಕರೆಂಟು ಹೋದರೆ ಇನ್ವರ್ಟರು, ಸಿಗ್ನಲ್ ಹೋದರೆ ಮಾಳಿಗೆ. ಸಂಜೆ ಅಪ್ಪನ ಜೊತೆ ಹೊಲದ ಕಡೆ ಒಂದು ಸುತ್ತು. ಇನ್ನು ಬದುಕೆಂದರೆ ಹೀಗೇ ಎಂದು ನಂಬಿದ್ದೆ.

2023ರ ಹೊತ್ತಿಗೆ ಗಾಳಿ ತಿರುಗಿತು. ಅಮೆರಿಕದಲ್ಲಿ ಬಡ್ಡಿದರ ಏರಿತು, ಗ್ರಾಹಕರು ಖರ್ಚಿಗೆ ಕತ್ತರಿ ಹಾಕಿದರು, ಹೊಸ ನೇಮಕಾತಿ ಕುಗ್ಗಿತು. 25ರ ಯೋಜನೆ ಹೇಳಿದ್ದ ಟಿಸಿಎಸ್ಸೇ ಆ ವರ್ಷದ ಅಕ್ಟೋಬರ್‌ನಿಂದ ವಾರಕ್ಕೆ ಐದು ದಿನ ಕಚೇರಿಗೆ ಬನ್ನಿ ಎಂದಿತು. ನವೆಂಬರ್‌ನಲ್ಲಿ ವಿಪ್ರೊ ವಾರಕ್ಕೆ ಮೂರು ದಿನ ಕಡ್ಡಾಯ ಮಾಡಿತು. ಇನ್ಫೊಸಿಸ್‌ನ ವಲಸೆ ಪ್ರಮಾಣ 2024ರಲ್ಲಿ ಶೇ 13ರ ಆಸುಪಾಸಿಗೆ ಇಳಿಯಿತು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕಡಿತ ಮಾಡುವುದಾಗಿ ಹೇಳಿತು. ಕೆಲಸ ಬಿಡುವವರು ಅರ್ಧಕ್ಕಿಂತ ಕಡಿಮೆಯಾದರು, ಕಚೇರಿಗೆ ಹೋಗುವ ದಿನಗಳು ಹೆಚ್ಚಾದವು. ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳು.

ಹಾಗಾದರೆ ಮನೆಯಿಂದ ಕೆಲಸ ಮಾಡಿದರೆ ಉತ್ಪಾದಕತೆ ಕುಸಿಯುತ್ತದೆ ಎಂಬ ವಾದ ಬರೀ ನೆಪವೇ? ಪೂರ್ತಿ ಹಾಗೂ ಅಲ್ಲ. ಚೆನ್ನೈನಲ್ಲಿ ಡೇಟಾ ಎಂಟ್ರಿ ಕೆಲಸಗಾರರ ಮೇಲೆ ಅರ್ಥಶಾಸ್ತ್ರಜ್ಞರಾದ ಡೇವಿಡ್ ಆಟ್ಕಿನ್, ಆಂಟೊನೆಟ್ ಶೋರ್ ಮತ್ತು ಸುಮಿತ್ ಶಿಂದೆ ಒಂದು ಪ್ರಯೋಗ ನಡೆಸಿದ್ದರು. ಪೂರ್ತಿ ಮನೆಯಿಂದ ಕೆಲಸ ಮಾಡಿದವರ ಉತ್ಪಾದಕತೆ ಕಚೇರಿಯಲ್ಲಿದ್ದವರಿಗಿಂತ ಶೇ 18ರಷ್ಟು ಕಡಿಮೆಯಿತ್ತು. ಇನ್ನೊಂದು ಕಡೆ, ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಟ್ರಿಪ್.ಕಾಂ ಕಂಪನಿಯ 1,612 ನೌಕರರನ್ನು ಅಧ್ಯಯನ ಮಾಡಿ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರ ಸಾಧನೆಯಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಕೆಲಸ ಬಿಡುವವರು ಮಾತ್ರ ಮೂರನೇ ಒಂದರಷ್ಟು ಕಡಿಮೆಯಾದರು. ಯಾವ ಕೆಲಸ, ಎಷ್ಟು ದಿನ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಪೂರ್ತಿ ರಿಮೋಟ್ ಮತ್ತು ಹೈಬ್ರಿಡ್ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ವಾದ ಮಾಡುವುದರಿಂದಲೇ ಗೊಂದಲ ಹೆಚ್ಚಿದೆ. ಜನರನ್ನು ಉಳಿಸಿಕೊಳ್ಳಬೇಕು ಎಂದಾಗ ಕಂಪನಿಗೆ ಎರಡನೇ ಅಧ್ಯಯನ ನೆನಪಾಗುತ್ತದೆ. ಉಳಿಸಿಕೊಳ್ಳುವ ಚಿಂತೆ ಇಲ್ಲದಾಗ ಮೊದಲನೆಯದು.

ಈಗ ನನ್ನ ಎರಡನೇ ಆಫರ್‌ಗೆ ಬರುತ್ತೇನೆ. ಅಕ್ಕ ಕಾಗದ ತಿರುಗಿಸಿ ಮೂರನೇ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟರು. ಕೆಲಸ ಮಾಡಬೇಕಾದದ್ದು ಒಂದು ಕಂಪನಿಗೆ, ಸಂಬಳ ಕೊಡುವುದು ಮತ್ತೊಂದು ಸ್ಟಾಫಿಂಗ್ ಏಜೆನ್ಸಿ. ಕರಾರು 11 ತಿಂಗಳದ್ದು. ಯಾವಾಗ ಬೇಕಾದರೂ 30 ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ಇಂಥ ಗುತ್ತಿಗೆ ನೌಕರರಿಗೆ ನಮ್ಮ ದೇಶದ ಸ್ಟಾಫಿಂಗ್ ಉದ್ಯಮ ಇಟ್ಟಿರುವ ಹೆಸರೇನು ಗೊತ್ತೆ? ‘ಫ್ಲೆಕ್ಸಿ ಸ್ಟಾಫ್’.

‘ನಿನಗ ಜಾಗಾ ಫ್ಲೆಕ್ಸಿ. ಅವರಿಗೆ ನೀನ ಫ್ಲೆಕ್ಸಿ’ ಅಂದರು ಅಕ್ಕ.

ಒಂದೇ ಪದ, ಎರಡು ಅರ್ಥ. ನಾವು ಫ್ಲೆಕ್ಸಿ ಎಂದರೆ ಸಮಯ ಮತ್ತು ಸ್ಥಳದ ಸ್ವಾತಂತ್ರ್ಯ ಎಂದುಕೊಳ್ಳುತ್ತೇವೆ. ಮಾಲೀಕರ ಕಡೆಯಿಂದ ಅದು ಬೇಕಾದಾಗ ಕರೆದು, ಬೇಡವಾದಾಗ ಕಳಿಸುವ ಸ್ವಾತಂತ್ರ್ಯ. ಮಾರುಕಟ್ಟೆ ಬಿಗಿಯಾದಾಗ ಈ ಎರಡೂ ಒಂದೇ ಪೊಟ್ಟಣದಲ್ಲಿ ಬರತೊಡಗುತ್ತವೆ. ಅಕ್ಕನ ಅನುಭವದಲ್ಲಿ, ಈಗ ಅವರ ಕೈಗೆ ಬರುವ ಪೂರ್ತಿ ರಿಮೋಟ್ ಕೆಲಸಗಳಲ್ಲಿ ಹೆಚ್ಚಿನವು ಗುತ್ತಿಗೆಯವೇ.

ಕಳೆದ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇಲ್ಲಿ ಸ್ವಲ್ಪ ಆಸರೆ ಕೊಡುತ್ತವೆ. ನಿಗದಿತ ಅವಧಿಗೆ ನೇಮಕಗೊಂಡವರು ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ದುಡಿದರೆ ಗ್ರಾಚ್ಯುಟಿಗೆ ಅರ್ಹರು. ಆದರೆ ನನ್ನ ಕರಾರು 11 ತಿಂಗಳದ್ದು! ಕಾನೂನು ಒಂದು ಗಜ ಮುಂದೆ ಬಂದರೆ ಕರಾರು ಒಂದು ಗೇಣು ಹಿಂದೆ ನಿಲ್ಲುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆಯಿತ್ತು. ಅಪ್ಪನ ಡಯಾಲಿಸಿಸ್ ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತದೆ ನಿಜ. ಆದರೆ ಕಳೆದ ವರ್ಷ ಎರಡು ಸಲ ಉಸಿರಾಟದ ತೊಂದರೆಯಾಗಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡೂ ಬಿಲ್ಲು ತೀರಿದ್ದು ನನ್ನ ಕಂಪನಿಯ ಗುಂಪು ವಿಮೆಯಿಂದ. ಗುತ್ತಿಗೆಯ ಕೆಲಸದಲ್ಲಿ ವಿಮೆ ನನಗೊಬ್ಬನಿಗೇ, ತಂದೆ–ತಾಯಿಗೆ ಇಲ್ಲ. ಹೊರಗಡೆ ಹೊಸ ಪಾಲಿಸಿ ಮಾಡಿಸಿದರೆ, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಲು ವಿಮಾ ಕಂಪನಿಗೆ ಅವಕಾಶವಿದೆ. ಮೂತ್ರಪಿಂಡ ಕೈಕೊಟ್ಟವರಿಗೆ ಪಾಲಿಸಿ ಸಿಗುವುದೇ ಕಷ್ಟ. ಅಪ್ಪನ ಹತ್ತಿರ ಇರಬೇಕೆಂದು ಹೊರಟವನು ಅಪ್ಪನ ವಿಮೆಯನ್ನೇ ಬಿಟ್ಟುಕೊಡುತ್ತಿದ್ದೆ. ಎಂ.ಟೆಕ್ ಓದಿದವನು, ಈ ಸಾಲನ್ನು ಓದಿರಲಿಲ್ಲ.

‘ಹಂಗಾರ ಏನ್ ಮಾಡ್ಲಿ ಅಕ್ಕಾರ?’ ಎಂದೆ.

ಅವರು ಹೇಳಿದ ಉಪಾಯ ಸರಳ. ಫ್ಲೆಕ್ಸಿಬಿಲಿಟಿ ಒಂದು ಬೆಲೆಯಾದರೆ, ಅದನ್ನು ಕೊಂಡುಕೊಳ್ಳಬಹುದು. ಮೊದಲನೇ ಕಂಪನಿಯ ಜೊತೆ ಶೇ 20ರ ಏರಿಕೆಯ ಬದಲು 12ಕ್ಕೆ ಒಪ್ಪು, ಉಳಿದ 8ಕ್ಕೆ ದಿನಗಳನ್ನು ಕೇಳು. ತಿಂಗಳಿಗೆ ಐದು ಕೆಲಸದ ದಿನ, ಸತತವಾಗಿ, ಊರಿನಿಂದ. ಹೀಗೆ ಮಾಡಿದರೆ ಅವರ ಕಮಿಷನ್ನೂ ಕಡಿಮೆಯಾಗುತ್ತಿತ್ತು. ಅದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ‘ಮ್ಯಾನೇಜರ್ ಹೂಂ ಅಂದ್ರ ಸಾಲೂದಿಲ್ಲ. ಮ್ಯಾನೇಜರ್ ನಾಳೆ ಬ್ಯಾರೆ ಕಂಪನಿಗೆ ಹೋಗ್ತಾನ. ಕಾಗದದಾಗ ಬರಸ್ಕೋ’ ಎಂಬುದು ಅವರ ಕೊನೆಯ ಮಾತು.

ಎಚ್.ಆರ್. ವಿಭಾಗ ಮೊದಲು ಒಪ್ಪಲಿಲ್ಲ. ‘ಒಬ್ಬರಿಗೆ ಬರೆದುಕೊಟ್ಟರೆ ಎಲ್ಲರೂ ಕೇಳುತ್ತಾರೆ’ ಎಂದರು. ಎರಡು ವಾರ ಎಳೆದಾಡಿ, ಆಫರ್ ಲೆಟರ್‌ನಲ್ಲಿ ಅಲ್ಲದಿದ್ದರೂ ಅದರ ಅನುಬಂಧದಲ್ಲಿ ಎರಡು ಸಾಲು ಬರೆದುಕೊಟ್ಟರು. ಒಂದು ವರ್ಷದ ನಂತರ ಮರುಪರಿಶೀಲನೆ ಎಂಬ ಬಾಲವೂ ಇದೆ. ಇರಲಿ ಎಂದು ಸೇರಿದೆ.

ನನ್ನ ಕೈಯಲ್ಲಿ ಬೇಡಿಕೆಯಿರುವ ಒಂದು ಕೌಶಲವಿತ್ತು, ಹಾಗಾಗಿ ಚೌಕಾಶಿ ಮಾಡಿದೆ. ಎಲ್ಲರಿಗೂ ಆ ಅನುಕೂಲ ಇರುವುದಿಲ್ಲ. ಹೆರಿಗೆ ರಜೆ ಮುಗಿಸಿ ಬರುವ ಹೆಣ್ಣುಮಕ್ಕಳನ್ನು ನೋಡಿ. 2017ರ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾನೂನು 26 ವಾರದ ರಜೆಯ ಜೊತೆಗೆ, ನಂತರ ಮನೆಯಿಂದ ಕೆಲಸ ಮಾಡುವ ಅವಕಾಶವನ್ನೂ ಹೇಳಿದೆ; ಆದರೆ ‘ಇಬ್ಬರೂ ಒಪ್ಪಿದರೆ’. ಬಲವಿಲ್ಲದವರ ಪಾಲಿಗೆ ಒಪ್ಪಿಗೆ ಎಂದರೆ ಇನ್ನೊಬ್ಬರ ಮರ್ಜಿ. ಅಕ್ಕನ ಕಪಾಟಿನಲ್ಲಿ ಇಂಥವರ ಬಯೊಡೇಟಾಗಳದ್ದೇ ಒಂದು ಪ್ರತ್ಯೇಕ ಫೈಲಿದೆ. ಎಂಟು–ಹತ್ತು ವರ್ಷದ ಅನುಭವ, ಎರಡು ವರ್ಷದ ಬಿಡುವು. ಕಂಪನಿಗಳು ಕೇಳುವುದು ‘ತಕ್ಷಣ ಸೇರುವವರು’. ಇವರು ನಾಳೆಯೇ ಸೇರಬಲ್ಲರು, ಆದರೆ ಆ ಬಿಡುವು ನೋಡಿದೊಡನೆ ಕಾಗದ ಬದಿಗೆ ಸರಿಯುತ್ತದೆ.

ನಮ್ಮ ಊರುಗಳ ಮಾತೂ ಇದೆ. 2021ರಲ್ಲಿ ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗಗಳಿಗೆ ಸಂಬಳಸಮೇತ ಮರಳಿದ್ದ ಎಷ್ಟೋ ಎಂಜಿನಿಯರುಗಳು ಮತ್ತೆ ಹೊರಟುಹೋದರು. 2024ರ ಜಾಗತಿಕ ಸಾಮರ್ಥ್ಯ ಕೇಂದ್ರಗಳ ನೀತಿಯಲ್ಲಿ ಕರ್ನಾಟಕ ಸರ್ಕಾರ 2029ರೊಳಗೆ 500 ಹೊಸ ಕೇಂದ್ರ, 3.5 ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡಿದೆ. ‘ಬಿಯಾಂಡ್ ಬೆಂಗಳೂರು’ ಎಂಬ ಮಾತೂ ಕೇಳುತ್ತಿದೆ. ಹುಬ್ಬಳ್ಳಿ–ಧಾರವಾಡದಲ್ಲಿ ಇಪ್ಪತ್ತು ಅಂತಸ್ತಿನ ಕಟ್ಟಡವೇ ಬರಬೇಕೆಂದಿಲ್ಲ. ವಾರಕ್ಕೆ ಮೂರು ದಿನ ಹೋಗಿ ಕೂರಬಹುದಾದ ಸಣ್ಣ ಕಚೇರಿ ಬಂದರೂ ನಮ್ಮಂಥ ಸಾವಿರಾರು ಮನೆಗಳ ಲೆಕ್ಕ ಬದಲಾಗುತ್ತದೆ. ಹೈಬ್ರಿಡ್ ಉಳಿಯುವುದೇ ಆದರೆ, ಆ ‘ಮೂರು ದಿನ’ ಎಲ್ಲಿ ಎಂಬುದೇ ಮುಂದಿನ ಪ್ರಶ್ನೆಯಾಗಬೇಕು.

ಅಲ್ಲಿಯವರೆಗೆ, ಕೆಲಸ ಬದಲಿಸುವ ಯೋಚನೆಯಲ್ಲಿರುವವರು ನಾನು ತಡವಾಗಿ ಕೇಳಿದ ಪ್ರಶ್ನೆಗಳನ್ನು ಮೊದಲೇ ಕೇಳಿ. ಸಂಬಳದ ಚೀಟಿಯ ಮೇಲೆ ಯಾರ ಹೆಸರಿರುತ್ತದೆ? ಮನೆಯಿಂದ ಕೆಲಸ ಎಂಬುದು ಕರಾರಿನಲ್ಲಿದೆಯೋ, ‘ಕಂಪನಿಯ ಅಗತ್ಯಕ್ಕೆ ತಕ್ಕಂತೆ’ ಬದಲಾಗುವ ನೀತಿಯಲ್ಲಿದೆಯೋ? ನೋಟಿಸ್ ಎರಡೂ ಕಡೆಗೆ ಒಂದೇ ಇದೆಯೋ? ವಿಮೆಯಲ್ಲಿ ಅಪ್ಪ–ಅವ್ವ ಇದ್ದಾರೋ? ಏಜೆನ್ಸಿಯವರನ್ನು ಕೇಳಲು ಸಂಕೋಚ ಬೇಡ. ಸೇರಿದ ಮೇಲೆ ನೀವು ನಿಲ್ಲುವುದು ಅವರಿಗೂ ಬೇಕು.

ಈ ತಿಂಗಳ ಐದು ದಿನ ಊರಲ್ಲಿದ್ದೆ. ಶುಕ್ರವಾರ ರಾತ್ರಿ ಪುಣೆಯಲ್ಲಿ ಬಸ್ಸು ಹತ್ತಿ ಬೆಳಿಗ್ಗೆ ಹಾವೇರಿಯಲ್ಲಿ ಇಳಿದೆ. ಸೋಮವಾರ ಮತ್ತು ಗುರುವಾರ ಅಪ್ಪನನ್ನು ಆಸ್ಪತ್ರೆಗೆ ನಾನೇ ಕರೆದೊಯ್ದೆ. ನಾಲ್ಕು ತಾಸು ಹೊರಗಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗ್ ಮುಗಿಸಿದೆ. ಆ ಎರಡು ದಿನ ಅವ್ವ ಮನೆಯಲ್ಲೇ ಮಧ್ಯಾಹ್ನ ಮಲಗಿದ್ದಳಂತೆ. ಉಳಿದ ಮೂರು ವಾರ ಮತ್ತೆ ಅವಳದ್ದೇ ಪಾಳಿ.