ಮನೆ ಎರಡಾಯಿತು, ಮೂರನೆಯವರ ಪಾಲೆಲ್ಲಿ?



ಬಾಟಾ ಚಪ್ಪಲಿ ಹಾಕದವರು ನಮ್ಮಲ್ಲಿ ಕಡಿಮೆ. ಅದು ನಮ್ಮ ದೇಶದ್ದೇ ಕಂಪನಿ ಎಂದು ಹಲವರು ತಿಳಿದಿದ್ದಾರೆ. ಆದರೆ 1894ರಲ್ಲಿ ಅದು ಶುರುವಾದದ್ದು ಯುರೋಪಿನ ಜ್ಲೀನ್ ಎಂಬ ಸಣ್ಣ ಊರಿನಲ್ಲಿ. ಆಗ ಆ ಊರು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. 1918ರಲ್ಲಿ ಚೆಕೊಸ್ಲೊವಾಕಿಯಾಕ್ಕೆ ಸೇರಿತು. 1993ರಿಂದ ಚೆಕ್ ಗಣರಾಜ್ಯದಲ್ಲಿದೆ. ಊರು ಇದ್ದಲ್ಲೇ ಇದೆ, ದೇಶ ಮಾತ್ರ ಬದಲಾಗಿದೆ.

ಕೂತಲ್ಲೇ ದೇಶ ಬದಲಾದರೆ ಜನರ ಗತಿ ಏನು? ಚೆಕ್ಕರು ಮತ್ತು ಸ್ಲೊವಾಕರು ಒಂದು ಹನಿ ರಕ್ತ ಚೆಲ್ಲದೆ ಬೇರೆಯಾದರು ಎಂದು ಜಗತ್ತು ಹೊಗಳುತ್ತದೆ. 1989ರಲ್ಲಿ ಕಮ್ಯುನಿಸ್ಟ್ ಆಡಳಿತವನ್ನು ಶಾಂತಿಯಿಂದ ಕೆಳಗಿಳಿಸಿದ್ದಕ್ಕೆ 'ವೆಲ್ವೆಟ್ ಕ್ರಾಂತಿ' ಎಂದು ಹೆಸರು. ಈ ಅಗಲಿಕೆಗೂ 'ವೆಲ್ವೆಟ್ ವಿಚ್ಛೇದನ' ಎಂದೇ ಹೆಸರು ಬಂತು. ಹೊಗಳಿಕೆ ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ ಎಂಬುದು ನನ್ನ ಅಭಿಪ್ರಾಯ.

ಮೊದಲು ಒಟ್ಟಾಗಿದ್ದ ಕಾಲದ ಮಾತು. 1918ರ ಅಕ್ಟೋಬರ್ 28ರಂದು ಚೆಕೊಸ್ಲೊವಾಕಿಯಾ ಹುಟ್ಟಿತು. ಮೊದಲ ಅಧ್ಯಕ್ಷ ತೋಮಾಶ್ ಮಸಾರಿಕ್ ಅವರ ತಂದೆ ಸ್ಲೊವಾಕ್, ತಾಯಿ ಮೊರಾವಿಯಾದವರು. ಎರಡೂ ಜನ ಒಂದೇ ರಾಷ್ಟ್ರ ಎಂದು ಹೊಸ ಸರ್ಕಾರ ಸಾರಿತು. ಜನಗಣತಿಯಲ್ಲೂ ಅವರನ್ನು 'ಚೆಕೊಸ್ಲೊವಾಕ್' ಎಂದು ಒಟ್ಟಿಗೇ ಎಣಿಸಿತು. ಅದಕ್ಕೊಂದು ಕಾರಣವಿತ್ತು. ಆ ದೇಶದಲ್ಲಿ ಜರ್ಮನರೇ 30 ಲಕ್ಷಕ್ಕೂ ಹೆಚ್ಚಿದ್ದರು, ಸ್ಲೊವಾಕರಿಗಿಂತಲೂ ಜಾಸ್ತಿ. ಚೆಕ್ಕರನ್ನೂ ಸ್ಲೊವಾಕರನ್ನೂ ಸೇರಿಸಿದರೆ ಮಾತ್ರ ದೊಡ್ಡ ಬಹುಮತ ಸಿಗುತ್ತಿತ್ತು. ಅಂದರೆ ಈ ಒಗ್ಗಟ್ಟಿನಲ್ಲಿ ಪ್ರೀತಿಯ ಜೊತೆಗೆ ಲೆಕ್ಕಾಚಾರವೂ ಇತ್ತು. ತಮಗೆ ಸ್ವಂತ ಆಡಳಿತ ಕೊಡುತ್ತೇವೆಂಬ ಮಾತು ಈಡೇರಲಿಲ್ಲ ಎಂದು ಸ್ಲೊವಾಕರಲ್ಲಿ ಹಲವರು ಮೊದಲಿನಿಂದಲೂ ದೂರಿದರು.

ಅಲ್ಲಿನ ಅಲ್ಪಸಂಖ್ಯಾತರ ಕಥೆಯನ್ನು ಆಟದ ಮೈದಾನದಲ್ಲೂ ಕಾಣಬಹುದು. ಪ್ರಾಗ್ ನಗರದಲ್ಲಿ ಡಿಎಫ್‌ಸಿ ಪ್ರಾಗ್ ಎಂಬ ಫುಟ್‌ಬಾಲ್ ಕ್ಲಬ್ ಇತ್ತು. ಅದನ್ನು ಕಟ್ಟಿದವರಲ್ಲಿ ಜರ್ಮನ್ ಮಾತಾಡುವ ಯಹೂದಿಗಳು ಬಹಳ ಮಂದಿ. 1903ರಲ್ಲಿ ಜರ್ಮನಿಯ ಮೊಟ್ಟಮೊದಲ ಚಾಂಪಿಯನ್‌ಷಿಪ್‌ನ ಫೈನಲ್ ಆಡಿದ ತಂಡ ಅದು. 1938ರ ಮ್ಯೂನಿಕ್ ಒಪ್ಪಂದದ ನಂತರ ಹಿಟ್ಲರ್ ಆ ದೇಶವನ್ನು ತುಂಡು ಮಾಡಿದ. 1939ರಲ್ಲಿ ಆ ಕ್ಲಬ್ಬೂ ಮುಚ್ಚಿತು. ಯಹೂದಿಗಳನ್ನು ಮತ್ತು ರೋಮಾ ಜನರನ್ನು ಸಾವಿನ ಶಿಬಿರಗಳಿಗೆ ಸಾಗಿಸಲಾಯಿತು. ಯುದ್ಧ ಮುಗಿದ ಮೇಲೆ ಸುಮಾರು 30 ಲಕ್ಷ ಜರ್ಮನರನ್ನು ಹೊರಹಾಕಲಾಯಿತು. ಅವರಲ್ಲಿ ತಪ್ಪು ಮಾಡಿದವರೂ ಇದ್ದರು, ಏನೂ ಅರಿಯದ ಮಕ್ಕಳು ಮುದುಕರೂ ಇದ್ದರು. ಹೀಗೆ ಹಲವು ಭಾಷೆಗಳ ದೇಶವಾಗಿದ್ದದ್ದು ಬಹುಮಟ್ಟಿಗೆ ಇಬ್ಬರ ಮನೆಯಾಯಿತು.

ಈ ಇಬ್ಬರನ್ನು ಸರ್ಕಾರಕ್ಕಿಂತ ಚೆನ್ನಾಗಿ ಕೂಡಿಸಿದ್ದು ಆಟ ಎಂದು ನನಗನ್ನಿಸುತ್ತದೆ. 1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿ, ಸುಧಾರಣೆ ತರಲು ಹೊರಟಿದ್ದ ಸ್ಲೊವಾಕ್ ನಾಯಕ ಅಲೆಕ್ಸಾಂಡರ್ ದುಬ್ಚೆಕ್ ಅವರ ಕನಸನ್ನು ತುಳಿದವು. ಮರುವರ್ಷ ಮಾರ್ಚ್‌ನಲ್ಲಿ ಸ್ಟಾಕ್‌ಹೋಮ್‌ನ ವಿಶ್ವ ಐಸ್ ಹಾಕಿ ಸ್ಪರ್ಧೆಯಲ್ಲಿ ಚೆಕೊಸ್ಲೊವಾಕಿಯಾ ಸೋವಿಯತ್ ತಂಡವನ್ನು 2-0, 4-3ರಿಂದ ಎರಡು ಸಲ ಸೋಲಿಸಿತು. ತಂಡದ ನಾಯಕ ಯೋಜೆಫ್ ಗೊಲೊಂಕಾ ಸ್ಲೊವಾಕ್. ಎರಡೂ ಕಡೆಯ ಜನ ಬೀದಿಗಿಳಿದು ಕುಣಿದರು. ಟ್ಯಾಂಕನ್ನು ತಡೆಯಲಾಗದವರಿಗೆ ಅಷ್ಟಾದರೂ ಸಮಾಧಾನ ಸಿಕ್ಕಿತು. ಆದರೆ ಮುಂದಿನ ತಿಂಗಳೇ ದುಬ್ಚೆಕ್ ಪದವಿ ಕಳೆದುಕೊಂಡರು.

1976ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಯುರೋಪಿಯನ್ ಫುಟ್‌ಬಾಲ್ ಫೈನಲ್. ಎದುರಾಳಿ ಆಗಿನ ವಿಶ್ವ ಚಾಂಪಿಯನ್ ಪಶ್ಚಿಮ ಜರ್ಮನಿ. ಆಟ 2-2ರಲ್ಲಿ ಸಮವಾಗಿ ಪೆನಾಲ್ಟಿಗೆ ಹೋಯಿತು. ಕೊನೆಗೆ ಬಂದ ಅಂತೋನಿನ್ ಪನೆಂಕಾ ಜೋರಾಗಿ ಒದೆಯಲಿಲ್ಲ. ಗೋಲಿ ಪಕ್ಕಕ್ಕೆ ಹಾರಿದಾಗ ಚೆಂಡನ್ನು ಮೆಲ್ಲಗೆ ಎತ್ತಿ ನಡುವಿಗೇ ಹಾಕಿಬಿಟ್ಟರು. ಇವತ್ತಿಗೂ ಅಂಥ ಒದೆತಕ್ಕೆ 'ಪನೆಂಕಾ' ಎಂದೇ ಹೆಸರು. ಪನೆಂಕಾ ಚೆಕ್. ಆದರೆ ಅಂದು ಆಟ ಶುರು ಮಾಡಿದ 11 ಮಂದಿಯಲ್ಲಿ 8 ಮಂದಿ ಸ್ಲೊವಾಕಿಯಾದವರು.

ಇಷ್ಟು ಚೆನ್ನಾಗಿದ್ದವರು ಬೇರೆಯಾದದ್ದು ಹೇಗೆ? 1992ರ ಜೂನ್ ಚುನಾವಣೆಯಲ್ಲಿ ಚೆಕ್ ಕಡೆ ವಾಕ್ಲಾವ್ ಕ್ಲೌಸ್, ಸ್ಲೊವಾಕ್ ಕಡೆ ವ್ಲಾದಿಮಿರ್ ಮೆಚಿಯಾರ್ ಗೆದ್ದರು. ಒಬ್ಬರಿಗೆ ಮಾರುಕಟ್ಟೆ ಸುಧಾರಣೆಯ ಅವಸರ, ಇನ್ನೊಬ್ಬರಿಗೆ ಹೆಚ್ಚು ಸ್ವಾಯತ್ತತೆಯ ಹಟ. ಕೆಲವೇ ತಿಂಗಳ ಮಾತುಕತೆಯಲ್ಲಿ ಪಾಲು ಮಾಡಲು ಒಪ್ಪಿದರು. ಅಂದಿನ ಸಮೀಕ್ಷೆಗಳಲ್ಲಿ ವಿಭಜನೆ ಬೇಕೆಂದವರು ಎರಡೂ ಕಡೆ ಅರ್ಧಕ್ಕಿಂತ ಕಡಿಮೆ. ಆದರೂ ಜನಮತಗಣನೆ ನಡೆಯಲಿಲ್ಲ. ಆಸ್ತಿಯನ್ನು ಹೆಚ್ಚುಕಡಿಮೆ ಎರಡಕ್ಕೆ ಒಂದರಂತೆ ಹಂಚಿದರು. ರಾಷ್ಟ್ರಗೀತೆಯಲ್ಲೇ ಒಂದು ಚೆಕ್ ಭಾಗ, ಒಂದು ಸ್ಲೊವಾಕ್ ಭಾಗ ಇತ್ತು. ಅವರವರ ಭಾಗವನ್ನು ಅವರವರು ಒಯ್ದರು.

ಫುಟ್‌ಬಾಲ್ ತಂಡ ಮಾತ್ರ ಅಷ್ಟು ಬೇಗ ಪಾಲಾಗಲಿಲ್ಲ. 1994ರ ವಿಶ್ವಕಪ್‌ನ ಅರ್ಹತಾ ಪಂದ್ಯಗಳು ಅರ್ಧ ನಡೆದಿದ್ದವು. ಹಾಗಾಗಿ ದೇಶವೇ ಇಲ್ಲದ ಒಂದು ತಂಡ 1993ರಲ್ಲಿ 'ಚೆಕ್ಕರ ಮತ್ತು ಸ್ಲೊವಾಕರ ಪ್ರಾತಿನಿಧಿಕ ತಂಡ' ಎಂಬ ಹೆಸರಿನಲ್ಲಿ ಆಡಿತು. ನವೆಂಬರ್ 17ರಂದು ಬೆಲ್ಜಿಯಂ ವಿರುದ್ಧ ಗೆಲ್ಲಲೇಬೇಕಿತ್ತು, 0-0 ಆಯಿತು. ವೆಲ್ವೆಟ್ ಕ್ರಾಂತಿ ಆರಂಭವಾದದ್ದೂ ನವೆಂಬರ್ 17ರಂದೇ. ಐಸ್ ಹಾಕಿಯಲ್ಲಿ ಮೇಲಿನ ದರ್ಜೆಯ ಸ್ಥಾನ ಚೆಕ್ಕರಿಗೆ ಹೋಯಿತು. ಸ್ಲೊವಾಕಿಯಾ 1994ರಲ್ಲಿ ಮೂರನೇ ದರ್ಜೆಯಿಂದ ಶುರು ಮಾಡಬೇಕಾಯಿತು. ಎಂಟೇ ವರ್ಷದಲ್ಲಿ, 2002ರಲ್ಲಿ, ರಷ್ಯಾವನ್ನು 4-3ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆಯಿತು. ಸಣ್ಣವರು ಬೇರೆ ಹೋದರೆ ಮುಳುಗುತ್ತಾರೆ ಎನ್ನುವವರಿಗೆ ಇದು ಒಳ್ಳೆಯ ಉತ್ತರ.

ಇನ್ನು ಯಾರೂ ಹೆಚ್ಚು ಹೇಳದ ಭಾಗ. ಪಾಲು ಮಾಡಿಕೊಂಡ ಇಬ್ಬರ ನಡುವೆ ಮೂರನೆಯವರೊಬ್ಬರಿದ್ದರು, ರೋಮಾ ಜನ. ಅವರ ಪೂರ್ವಜರು ಸುಮಾರು ಸಾವಿರ ವರ್ಷದ ಹಿಂದೆ ಭಾರತದಿಂದ ಹೋದವರು. ಅವರ ಭಾಷೆಯಲ್ಲಿ ನೀರಿಗೆ 'ಪಾನಿ', ಮೂಗಿಗೆ 'ನಖ್', ಕಿವಿಗೆ 'ಕನ್'. ಮನೆಯಲ್ಲಿ ಉರ್ದು ಮಾತಾಡುವ ನಮ್ಮಲ್ಲಿ ಯಾರಿಗೂ ಇದರ ಅರ್ಥ ಹೇಳಬೇಕಿಲ್ಲ.

ಚೆಕ್ ನಾಡಿನ ರೋಮಾಗಳಲ್ಲಿ ಬಹುತೇಕರನ್ನು ನಾಜಿಗಳ ಕಾಲದಲ್ಲಿ ಕೊಲ್ಲಲಾಯಿತು. ಲೆಟಿ ಎಂಬಲ್ಲಿನ ಶಿಬಿರಕ್ಕೆ ಕಾವಲಿದ್ದವರು ಚೆಕ್ ಪೊಲೀಸರೇ. ಆ ಜಾಗದಲ್ಲಿ ಮುಂದೆ ಹಂದಿ ಸಾಕಣೆ ಕೇಂದ್ರ ಬಂತು. ಅದು ನೆಲಸಮವಾದದ್ದು 2022ರಲ್ಲಿ. ಯುದ್ಧದ ನಂತರ ಸ್ಲೊವಾಕಿಯಾದ ರೋಮಾಗಳು ಕೆಲಸಕ್ಕಾಗಿ ಚೆಕ್ ನಾಡಿಗೆ ಬಂದು ನೆಲೆಸಿದರು. 1969ರಲ್ಲಿ ದೇಶ ಒಕ್ಕೂಟವಾದಾಗ ಪ್ರತಿಯೊಬ್ಬರಿಗೂ ಚೆಕ್ ಅಥವಾ ಸ್ಲೊವಾಕ್ ಎಂಬ ಒಳ ಪೌರತ್ವ ಬರೆಯಲಾಗಿತ್ತು. ದಿನನಿತ್ಯದ ಬದುಕಿನಲ್ಲಿ ಅದರಿಂದ ವ್ಯತ್ಯಾಸವೇನೂ ಇರಲಿಲ್ಲ. 1993ರಲ್ಲಿ ಆ ಹಳೆಯ ಕಾಗದವೇ ಎಲ್ಲವನ್ನೂ ನಿರ್ಧರಿಸಿತು. ಚೆಕ್ ನೆಲದಲ್ಲೇ ಹುಟ್ಟಿ ಬೆಳೆದವರೂ ಕಾಗದದಲ್ಲಿ ಸ್ಲೊವಾಕ್ ಎಂದಿದ್ದರೆ ಅರ್ಜಿ ಹಾಕಬೇಕಾಯಿತು. ಎರಡು ವರ್ಷದ ವಾಸದ ದಾಖಲೆ ಬೇಕು, ಐದು ವರ್ಷ ಯಾವ ಅಪರಾಧವೂ ಇರಬಾರದು. ಸಣ್ಣ ಕಳ್ಳತನದ ಶಿಕ್ಷೆ ಇದ್ದರೂ ಬಾಗಿಲು ಮುಚ್ಚಿತು. ಸಾವಿರಾರು ರೋಮಾಗಳು ತಮ್ಮ ಮನೆಯಲ್ಲೇ ಪರದೇಶಿಗಳಾದರು. 1996 ಮತ್ತು 1999ರ ತಿದ್ದುಪಡಿಗಳ ನಂತರವೇ ಈ ಕಾನೂನು ಸಡಿಲವಾಯಿತು.

ಗಡಿಯ ಆ ಕಡೆಯೂ ಎಲ್ಲ ಸರಿಯಿರಲಿಲ್ಲ. ಸ್ಲೊವಾಕಿಯಾದಲ್ಲಿ ನೂರಕ್ಕೆ ಸುಮಾರು ಎಂಟು ಮಂದಿ ಹಂಗೇರಿಯನ್ನರು. 1995ರ ರಾಜ್ಯಭಾಷಾ ಕಾನೂನು ಅವರ ಭಾಷೆಯ ಬಳಕೆಯನ್ನು ಬಿಗಿಗೊಳಿಸಿತು. ಹೊಸದಾಗಿ ಒಂದು ಧರ್ಮ ನೋಂದಣಿಯಾಗಲು 50,000 ಸದಸ್ಯರಿರಬೇಕು ಎಂಬ ಕಾನೂನು 2017ರಲ್ಲಿ ಬಂತು. ಅಲ್ಲಿನ ಮುಸ್ಲಿಮರು ಕೆಲವೇ ಸಾವಿರ. ತಾವು ಸಣ್ಣವರೆಂದು ಪ್ರಾಗ್ ಕಡೆಗಣಿಸಿತು ಎಂದು ನೊಂದವರು, ಅಧಿಕಾರ ಸಿಕ್ಕಾಗ ತಮಗಿಂತ ಸಣ್ಣವರ ನೋವನ್ನು ಮರೆತದ್ದು ನನಗೆ ಬೇಸರ ತಂದಿತು.

ಅದೇ ವರ್ಷಗಳಲ್ಲಿ ಯುಗೊಸ್ಲಾವಿಯಾ ಹೊತ್ತಿ ಉರಿಯುತ್ತಿತ್ತು, ಅದಕ್ಕೆ ಹೋಲಿಸಿದರೆ ಇದು ದೊಡ್ಡ ಸಾಧನೆಯಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಸಾಧನೆ. ಚೆಕ್ಕರು ಮತ್ತು ಸ್ಲೊವಾಕರು ಇಂದು ಒಳ್ಳೆಯ ನೆರೆಹೊರೆಯವರು. ಆದರೆ ರಕ್ತ ಹರಿಯಲಿಲ್ಲ ಎಂದ ಮಾತ್ರಕ್ಕೆ ನ್ಯಾಯ ಸಿಕ್ಕಿತು ಎಂದಲ್ಲ. ಅಣ್ಣತಮ್ಮಂದಿರು ಜಗಳವಿಲ್ಲದೆ ಹಿಸ್ಸೆ ಮಾಡಿಕೊಂಡರೆ ಊರವರು ಮೆಚ್ಚುತ್ತಾರೆ. ಅದೇ ಮನೆಯಲ್ಲಿ ಹುಟ್ಟಿ ದುಡಿದವನೊಬ್ಬ ಹಿಸ್ಸೆ ಪತ್ರದಲ್ಲಿ ತನ್ನ ಹೆಸರಿಲ್ಲದೆ ಅಂಗಳದಲ್ಲಿ ನಿಂತಿದ್ದರೆ ಅವನನ್ನು ಯಾರೂ ಗಮನಿಸುವುದಿಲ್ಲ.

ಇತಿಹಾಸ ಓದುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ದೇಶಗಳು ಕೂಡಿದ ಅಥವಾ ಒಡೆದ ಪಾಠ ಬಂದಾಗ ಸಹಿ ಹಾಕಿದವರ ಹೆಸರು ಮತ್ತು ದಿನಾಂಕವನ್ನಷ್ಟೇ ಬಾಯಿಪಾಠ ಮಾಡಬೇಡಿ. ಮರುದಿನ ಬೆಳಿಗ್ಗೆ ಯಾರ ಕಾಗದ ಕೆಲಸಕ್ಕೆ ಬಾರದಂತಾಯಿತು ಎಂದೂ ಹುಡುಕಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗದಿರಬಹುದು. ಆದರೆ ಒಂದು ದೇಶ ಎಷ್ಟು ಒಳ್ಳೆಯದು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪ್ರಶ್ನೆ ನನಗಂತೂ ಸಿಕ್ಕಿಲ್ಲ.