ಕೀಳಬೇಡಿ ತಾತಾ!

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಬೆಳಗಿನ ವಾಕಿಂಗ್ ಹೊರಟಾಗ ನನ್ನ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಇರುತ್ತಿತ್ತು. ಮೈಸೂರಿನ ನಮ್ಮ ಬಡಾವಣೆಯಲ್ಲಿ ಯಾರ ಮನೆಯ ದಾಸವಾಳ ಕಾಂಪೌಂಡಿನಿಂದಾಚೆ ಬಾಗಿದ್ದರೂ ಅದು ದೇವರ ಹೆಸರಿನಲ್ಲಿ ನನ್ನ ಕವರ್ ಸೇರುತ್ತಿತ್ತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ಒಂದು ಪೈಸೆ ಲೆಕ್ಕ ತಪ್ಪಿಸದವನಿಗೆ ಪರರ ಹೂವು ಮಾತ್ರ ಲೆಕ್ಕಕ್ಕೇ ಬಂದಿರಲಿಲ್ಲ. ಆ ಲೆಕ್ಕ ಕಲಿಸಿದವಳು ಎಂಟು ವರ್ಷದ ಮೊಮ್ಮಗಳು.

ಹೋದ ವರ್ಷ ಕೆನಡಾದ ಟೊರೊಂಟೊದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಅಲ್ಲಿನ ಹೈ ಪಾರ್ಕ್ ಸುಮಾರು 400 ಎಕರೆಯ ಉದ್ಯಾನ. ನಮ್ಮ ಲಾಲ್‌ಬಾಗಿಗಿಂತ ದೊಡ್ಡದು. ಅಲ್ಲಿ ಚೆರ್ರಿ ಹೂವು ಅರಳುವುದು ಸಾಮಾನ್ಯವಾಗಿ ಏಪ್ರಿಲ್ ಕೊನೆಗೆ ಇಲ್ಲವೇ ಮೇ ಮೊದಲಿಗೆ. ಗಾಳಿ, ಮಳೆ ನೋಡಿಕೊಂಡು ನಾಲ್ಕು ದಿನ ಇದ್ದರೂ ಇದ್ದೀತು, ಹತ್ತು ದಿನ ಇದ್ದರೂ ಇದ್ದೀತು. ಅವಸರಪಟ್ಟು ಹೋದ ಮೊದಲ ಸಲ ಕಂಡದ್ದು ಬರೀ ಮೊಗ್ಗು. ಸ್ವೆಟರ್, ಮಫ್ಲರ್ ಎಲ್ಲ ಇದ್ದರೂ ಗಡಗಡ ನಡುಗುತ್ತ ವಾಪಸು ಬಂದೆವು.

ಹತ್ತು ದಿನ ಬಿಟ್ಟು ಮತ್ತೆ ಹೋದೆವು. ರೈಲಿನಿಂದ ಇಳಿದರೆ ಜಾತ್ರೆಯಂಥ ಜನ! ಕೆರೆಯ ಕಡೆಗೆ ಇಳಿಯುವ ದಿಬ್ಬದ ತುಂಬ ಬಿಳಿ ಮೋಡ ಕೂತಂತೆ ಮರಗಳು. ಒಂದೆಲೆಯೂ ಇನ್ನೂ ಚಿಗುರಿಲ್ಲ, ಬರೀ ಹೂವು. ಹತ್ತಿರ ಹೋದರೆ ಐದೆಸಳಿನಲ್ಲಿ ನಸುಗೆಂಪು. ಈ ತಳಿಯ ಹೆಸರು ಸೊಮೆಯ್ ಯೊಶಿನೊ. ನಾವು ಮಾವಿಗೆ ಕಸಿ ಕಟ್ಟುವಂತೆ ಕಟ್ಟಿಯೇ ಬೆಳೆಸುವುದರಿಂದ ಎಲ್ಲವೂ ಒಂದೇ ಗುಣದವು, ಒಟ್ಟಿಗೇ ಅರಳುತ್ತವೆ. ಬೆಂಗಳೂರಿನ ಗುಲಾಬಿ ಬಣ್ಣದ ಟಬೂಬಿಯಾವನ್ನು 'ನಮ್ಮ ಚೆರ್ರಿ' ಎನ್ನುವವರಿದ್ದಾರೆ. ಎರಡಕ್ಕೂ ನೆಂಟಸ್ತಿಕೆಯಿಲ್ಲ. ಚೆರ್ರಿ ಹಿಂದಿನ ಬೇಸಿಗೆಯಲ್ಲೇ ಮೊಗ್ಗು ಕಟ್ಟಿ, ಚಳಿಗಾಲವೆಲ್ಲ ಮಲಗಿ ಎದ್ದ ಮೇಲಷ್ಟೇ ಅರಳುತ್ತದೆ.

ಅಷ್ಟು ಹೂವು ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಒಂದು ಟೊಂಗೆ ಬಗ್ಗಿಸಿದೆ.

"ಕೀಳಬೇಡಿ ತಾತಾ! ಅದು ಥ್ಯಾಂಕ್ಸ್ ಮರ!"

ಸುತ್ತಲಿದ್ದವರು ತಿರುಗಿ ನೋಡಿದರು. ನನಗೆ ನಾಚಿಕೆಯಾಯಿತು, ಸ್ವಲ್ಪ ಸಿಟ್ಟೂ ಬಂತು. ಅವಳು ಶಾಲೆಯಲ್ಲಿ ಕೇಳಿದ್ದನ್ನು ಹೇಳತೊಡಗಿದಳು, ಉಳಿದದ್ದನ್ನು ಮಗ ಸೇರಿಸಿದ.

ಎರಡನೆಯ ಮಹಾಯುದ್ಧದಲ್ಲಿ ಕೆನಡಾ, ಜಪಾನಿನ ವಿರುದ್ಧ ಹೋರಾಡುತ್ತಿತ್ತು. 1942ರಲ್ಲಿ ಪಶ್ಚಿಮ ಕರಾವಳಿಯ ಸುಮಾರು 22,000 ಜಪಾನಿ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಕಳಿಸಲಾಯಿತು. ಅವರಲ್ಲಿ ಬಹುಪಾಲು ಜನ ಕೆನಡಾದ ಪ್ರಜೆಗಳೇ. ಅವರ ಮನೆ, ಮೀನು ಹಿಡಿಯುವ ದೋಣಿ ಎಲ್ಲವನ್ನೂ ಸರ್ಕಾರ ಮಾರಿಬಿಟ್ಟಿತು. ಯುದ್ಧ ಮುಗಿದ ಮೇಲೆ ಎಷ್ಟೋ ಮಂದಿ ಟೊರೊಂಟೊದಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡರು. ತಮ್ಮವರಿಗೆ ಜಾಗ ಕೊಟ್ಟ ಊರಿಗೆ ಕೃತಜ್ಞತೆಯಾಗಿ ಟೋಕಿಯೊದ ನಾಗರಿಕರು 1959ರಲ್ಲಿ 2,000 ಚೆರ್ರಿ ಗಿಡ ಕೊಟ್ಟರು. ಕೆನಡಾ ಸರ್ಕಾರ ಕ್ಷಮೆ ಕೇಳಿದ್ದು 1988ರಲ್ಲಿ. ಕ್ಷಮೆಗಿಂತ ಇಪ್ಪತ್ತೊಂಬತ್ತು ವರ್ಷ ಮೊದಲೇ ಕೃತಜ್ಞತೆ ಬಂದು ಬೇರೂರಿತ್ತು!

"ಥ್ಯಾಂಕ್ಸ್ ಹೇಳಿದ್ದನ್ನ ಯಾರಾದ್ರೂ ಕೀಳ್ತಾರಾ?" ಎಂದಳು ಮೊಮ್ಮಗಳು.

ಟೊಂಗೆಯನ್ನು ಮೆಲ್ಲನೆ ಬಿಟ್ಟೆ. ನೆಲದ ಮೇಲೆ ಉದುರಿದ್ದ ಎಸಳುಗಳನ್ನು ಎತ್ತಿಕೊಳ್ಳಲು ಅಪ್ಪಣೆ ಸಿಕ್ಕಿತು. ಮಂಡಿನೋವು ಮರೆತು ಬಗ್ಗಿ ಒಂದು ಬೊಗಸೆ ಆರಿಸಿದೆ. ಅಂದಿನ ಪೂಜೆಗೆ ಅದೇ ಸಾಕಾಯಿತು.

ಮೈಸೂರಿಗೆ ಮರಳಿದ ಮಾರನೆಯ ಬೆಳಿಗ್ಗೆ ದಾಸವಾಳದ ಮನೆಯ ಗೇಟು ತಟ್ಟಿದೆ. ಇಷ್ಟು ವರ್ಷ ಕೇಳದೆ ಕಿತ್ತದ್ದು ತಪ್ಪಾಯಿತು ಎಂದೆ. ಆ ಮನೆಯ ಅಜ್ಜಿ ನಕ್ಕರು. "ಕಿಟಕಿಯಿಂದ ದಿನಾ ನೋಡ್ತಿದ್ದೆ. ಹೂವಿಗಲ್ಲ ಬೇಜಾರು, ಒಂದು ದಿನವೂ ಮಾತಾಡಿಸಲಿಲ್ಲವಲ್ಲ ಅಂತ" ಎಂದರು.

ಈಗ ದಿನಾ ಗೇಟು ತಟ್ಟುತ್ತೇನೆ. ಸಿಗುವುದು ಎರಡೇ ಹೂವು, ಜೊತೆಗೆ ಅರ್ಧ ಗಂಟೆ ಮಾತು.