ಬಾಲಚಕ್ರದ ವಿಮಾನ ಮತ್ತು ಆಯ್ಕೆಯ ವಿವೇಕ

ವಿಮಾನವೆಂದೊಡನೆ ಜನಸಾಮಾನ್ಯರ ಮನಸ್ಸಿನಲ್ಲಿ ಮೂಡುವುದು ನೂರಾರು ಪ್ರಯಾಣಿಕರನ್ನು ಹೊತ್ತು ಸಾಗರಗಳನ್ನು ದಾಟುವ ಬೃಹದ್‌ಯಂತ್ರದ ಚಿತ್ರ. ಆದರೆ ಒಬ್ಬಿಬ್ಬರು ಮಾತ್ರವೇ ಕುಳಿತುಕೊಳ್ಳಬಹುದಾದ, ಮೈಗೆ ಬಟ್ಟೆಯನ್ನು ಬಿಗಿದುಕೊಂಡ, ಬಾಲದ ಕೆಳಗೊಂದು ಪುಟ್ಟ ಚಕ್ರವನ್ನು ಹೊಂದಿದ ಹಗುರ ವಿಮಾನಗಳದೇ ಒಂದು ಬೇರೆ ಪ್ರಪಂಚವುಂಟು. ಅಮೆರಿಕ ದೇಶದಲ್ಲಿ, ಅದರಲ್ಲಿಯೂ ಅಲಾಸ್ಕ, ಐಡಾಹೊ ಮೊದಲಾದ ಸೀಮೆಗಳಲ್ಲಿ, ಖಾಸಗಿ ವ್ಯಕ್ತಿಗಳು ಇಂಥ ವಿಮಾನಗಳನ್ನು ಕೊಂಡು ತಾವೇ ನಡೆಸುವುದು ರೂಢಿ. ಕೊಳ್ಳಹೊರಟವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಆಕಾಶದಲ್ಲಿ ಲಾಗ ಹಾಕಿ ಉರುಳಾಡುವ ವೈಮಾನಿಕ ಕಸರತ್ತಿಗೆ ಒದಗುವ ವಿಮಾನವನ್ನು ತರಬೇಕೆ, ಅಥವಾ ಕಾಡುಬೆಟ್ಟಗಳ ನಡುವಣ ಹುಲ್ಲುನೆಲದಲ್ಲಿಯೂ ಹೊಳೆದಂಡೆಯ ಜಲ್ಲಿಯ ಮೇಲೆಯೂ ಇಳಿಯಬಲ್ಲ ವಿಮಾನವನ್ನು ತರಬೇಕೆ? ಎರಡನ್ನೂ ಮಾಡಬಲ್ಲುದೊಂದನ್ನು ತಂದರಾಯಿತು ಎಂಬುದು ಒಡನೆಯೇ ಹೊಳೆಯುವ ಉತ್ತರ. ಅದನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಲಾಗದು.

ಇವೆರಡು ಬಗೆಯ ವಿಮಾನಗಳಲ್ಲಿಯೂ ಬಾಲಚಕ್ರ ಇಂದಿಗೂ ಉಳಿದಿರುವುದಕ್ಕೆ ಕಾರಣವಿದೆ. ಮೂಗಿನ ಕೆಳಗೆ ಚಕ್ರವಿಲ್ಲದುದರಿಂದ ಭಾರವೂ ಗಾಳಿಯ ಎಳೆತವೂ ಕಡಿಮೆಯಾಗುತ್ತವೆ. ಮೂಗು ಮೇಲೆದ್ದು ನಿಲ್ಲುವುದರಿಂದ ಪ್ರೊಪೆಲ್ಲರಿಗೆ ಕಲ್ಲುಮುಳ್ಳುಗಳು ತಗಲುವ ಭಯವೂ ಕಡಿಮೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ವಿಮಾನದ ಗುರುತ್ವಕೇಂದ್ರವು ಮುಂದಿನ ಎರಡು ಚಕ್ರಗಳಿಗಿಂತ ಹಿಂದೆ ಇರುವುದರಿಂದ, ಇಳಿದು ಓಡುವಾಗ ಮೂಗು ಸ್ವಲ್ಪ ಓರೆಯಾದರೂ ಹಿಂದಣ ಭಾರ ಮುಂದಕ್ಕೆ ನುಗ್ಗಿ, ಓರೆಯನ್ನು ಇನ್ನಷ್ಟು ಹೆಚ್ಚಿಸಿ, ವಿಮಾನವನ್ನು ಗಿರ್ರನೆ ತಿರುಗಿಸಿಬಿಡುತ್ತದೆ. ಇದನ್ನೇ ವೈಮಾನಿಕರು ಗ್ರೌಂಡ್ ಲೂಪ್ ಎನ್ನುವರು. ರೆಕ್ಕೆಯ ತುದಿ ನೆಲಕ್ಕೆ ಬಡಿಯುವುದೂ ಚಕ್ರದ ಕಾಲು ಮುರಿಯುವುದೂ ಆಗಲೇ. ತಳ್ಳುಗಾಡಿಯನ್ನು ಹಿಂದುಮುಂದಾಗಿ ನೂಕಿ ನೋಡಿದವರಿಗೆ ಈ ತತ್ತ್ವ ಬೇಗ ತಿಳಿದೀತು.

ಬಾಲಚಕ್ರ ಸಮಾನವಾದರೂ ಎರಡು ಬಗೆಗಳ ಪ್ರಕೃತಿ ಪರಸ್ಪರ ವಿರುದ್ಧವಾದುದು. ಆ ವಿರೋಧ ಇರುವುದು ರೆಕ್ಕೆಯಲ್ಲಿ. ದುರ್ಗಮ ಪ್ರದೇಶದಲ್ಲಿ ಇಳಿಯಬೇಕಾದ ವಿಮಾನವು ನಿಧಾನವಾಗಿ ಹಾರಬಲ್ಲುದಾಗಿರಬೇಕು. ಅದಕ್ಕಾಗಿ ರೆಕ್ಕೆ ಉದ್ದವಾಗಿಯೂ ಅಗಲವಾಗಿಯೂ, ಮೇಲ್ಭಾಗದಲ್ಲಿ ಉಬ್ಬಿ ತಳದಲ್ಲಿ ಬಹುಮಟ್ಟಿಗೆ ಚಪ್ಪಟೆಯಾಗಿಯೂ ಇರುತ್ತದೆ. ಅದರ ಹಿಂದಂಚಿನಲ್ಲಿ ಫ್ಲಾಪ್ ಎಂಬ ಬಾಗುವ ಹಲಗೆಗಳಿರುತ್ತವೆ. ಇಂಥ ರೆಕ್ಕೆ ನೆಟ್ಟಗೆ ಹಾರುವಾಗ ಪರಮೋಪಕಾರಿ; ವಿಮಾನ ಬೆನ್ನಡಿಯಾದಾಗ ಅದೇ ಉಬ್ಬು ನೆಲದ ಕಡೆಗೆ ತಿರುಗಿ ಭಾರ ಹೊರಲು ಹೆಣಗುತ್ತದೆ. ಕಸರತ್ತಿನ ವಿಮಾನಕ್ಕಾದರೋ ಮೇಲು ಕೆಳಗು ಎರಡೂ ಒಂದೇ ಆಗಬೇಕು. ಆದ್ದರಿಂದ ಅದರ ರೆಕ್ಕೆಯ ಎರಡು ಮುಖಗಳೂ ಹೆಚ್ಚುಕಡಮೆ ಸಮವಾಗಿ ಬಾಗಿರುತ್ತವೆ; ಬೇಗನೆ ಉರುಳಲೆಂದು ರೆಕ್ಕೆ ಗಿಡ್ಡವಾಗಿರುತ್ತದೆ; ಗುರುತ್ವದ ಐದಾರು ಪಟ್ಟು ಹೊರೆ ಬಿದ್ದರೂ ಮುರಿಯದಂತೆ ಅದರ ಒಡಲು ಗಟ್ಟಿಯಾಗಿರುತ್ತದೆ. ಗಟ್ಟಿತನಕ್ಕೆ ತೂಕ ಬೇಕು, ಗಿಡ್ಡ ರೆಕ್ಕೆಗೆ ವೇಗ ಬೇಕು; ತೂಕವೂ ವೇಗವೂ ಕಿರಿದಾದ ಹುಲ್ಲುನೆಲದಲ್ಲಿ ಇಳಿಯುವವನಿಗೆ ಶತ್ರುಗಳು.

ಅಂಕಿಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1949ರಲ್ಲಿ ಹೊರಬಂದ ಪೈಪರ್ ಸೂಪರ್ ಕಬ್ ವಿಮಾನದ ರೆಕ್ಕೆಯ ಹರವು 35 ಅಡಿಗೆ ಕೊಂಚ ಹೆಚ್ಚು. ಅದರ 150 ಅಶ್ವಶಕ್ತಿಯ ಮಾದರಿ ಫ್ಲಾಪುಗಳನ್ನು ಇಳಿಸಿಕೊಂಡು ಗಂಟೆಗೆ ಸುಮಾರು 43 ಮೈಲಿಯ ವೇಗದವರೆಗೂ ಗಾಳಿಯನ್ನು ಬಿಡದೆ ತೇಲುತ್ತದೆ. ಅಲಾಸ್ಕದವರು ಅದಕ್ಕೆ 31 ಅಂಗುಲದಷ್ಟು ದೊಡ್ಡ ಮೆತ್ತನೆಯ ಟಯರುಗಳನ್ನು ತೊಡಿಸಿ ಹೊಳೆಯ ಜಲ್ಲಿದಿಬ್ಬಗಳ ಮೇಲೆ ಇಳಿಸುವರು. ಕರ್ಟಿಸ್ ಪಿಟ್ಸ್ ನಿರ್ಮಿಸಿ 1944ರಲ್ಲಿ ಮೊದಲು ಹಾರಿಸಿದ ಪಿಟ್ಸ್ ಸ್ಪೆಷಲ್ ಜೋಡಿರೆಕ್ಕೆಯ ಪುಟ್ಟ ವಿಮಾನ. ಏಕಾಸನದ ಮಾದರಿಯ ಹರವು 17 ಅಡಿಯ ಆಸುಪಾಸು. ಬೆಟಿ ಸ್ಕೆಲ್ಟನ್ ಎಂಬ ಮಹಿಳೆ ಕಸರತ್ತಿನಲ್ಲಿ ಕೀರ್ತಿ ಗಳಿಸಿದುದು ಇಂಥದೊಂದರಲ್ಲೇ. ಆಕೆಯ ವಿಮಾನ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಆಕಾಶದಲ್ಲಿ ಬುಗುರಿಯಂತೆ ಆಡುವ ಈ ವಿಮಾನ ಇಳಿಯುವಾಗ ಮಾತ್ರ ಬಿರುಸು. ಚಾಲಕನಿಗೆ ನೇರ ಮುಂದಿನ ನೆಲ ಕಾಣುವುದಿಲ್ಲ. ಸಾಮಾನು ಸರಂಜಾಮಿಗೆ ಅದರಲ್ಲಿ ಸ್ಥಳವಿಲ್ಲವೆಂದೇ ಹೇಳಬೇಕು.

ವಿಚಾರಯೋಗ್ಯವಾದ ಸಂಗತಿ ಇನ್ನೊಂದಿದೆ. ವ್ಯೋಮಿಂಗ್ ರಾಜ್ಯದ ಆಫ್ಟನ್ ಎಂಬ ಊರಿನ ಒಂದೇ ಕಾರ್ಖಾನೆಯಲ್ಲಿ ಈ ಪಿಟ್ಸ್ ವಿಮಾನವೂ ಹಸ್ಕಿ ಎಂಬ ಕಾಡುಮೇಡಿನ ವಿಮಾನವೂ ತಯಾರಾಗುತ್ತ ಬಂದಿವೆ. 1980ರ ದಶಕದಲ್ಲಿ ಹಸ್ಕಿಯನ್ನು ರೂಪಿಸಿದಾಗ ಅವರ ಕೈಯಲ್ಲಿ ಪಿಟ್ಸ್‌ನ ವಿದ್ಯೆಯೆಲ್ಲವೂ ಇತ್ತು. ಆದರೂ ಅವೆರಡನ್ನೂ ಬೆರೆಸುವ ಸಾಹಸಕ್ಕೆ ಅವರು ಕೈಹಾಕಲಿಲ್ಲ. ಹಸ್ಕಿಗೆ ಕಸರತ್ತಿನ ಅನುಮತಿಯಿಲ್ಲ.

ಹಾಗಾದರೆ ನಡುವಣ ದಾರಿಯೇ ಇಲ್ಲವೆ? ಉಂಟು, ಅದರ ಹೆಸರು ಸಿಟಾಬ್ರಿಯ. 1964ರಲ್ಲಿ ಬಂದ ಈ ವಿಮಾನದ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಏರ್‌ಬ್ಯಾಟಿಕ್ ಎಂದಾಗುತ್ತದೆ. ನಮ್ಮ ಚಿತ್ರಕಾವ್ಯದ ಗತಪ್ರತ್ಯಾಗತವನ್ನು ಬಲ್ಲವರಿಗೆ ಈ ಚಮತ್ಕಾರ ಹೊಸದೇನೂ ಅಲ್ಲ. ಮಗುಚಿಕೊಂಡು ಹಾರುವ ಯಂತ್ರಕ್ಕೆ ಮಗುಚಿಕೊಂಡ ಹೆಸರು! ಇದರ ಪೂರ್ವಜ ಏರಾಂಕಾ ಚಾಂಪಿಯನ್. ಅದರ ಒಡಹುಟ್ಟಾದ ಏರಾಂಕಾ ಚೀಫ್ ಮಾದರಿಯನ್ನು ಬಹುಮಟ್ಟಿಗೆ ಅನುಸರಿಸಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯವರು ಪುಷ್ಪಕವೆಂಬ ದ್ವ್ಯಾಸನ ವಿಮಾನವನ್ನು ನಿರ್ಮಿಸಿ 1958ರಲ್ಲಿ ಹಾರಿಸಿದರು. ನೂರೈವತ್ತಕ್ಕೂ ಹೆಚ್ಚು ಪುಷ್ಪಕಗಳು ತಯಾರಾಗಿ ದೇಶದ ಹಾರಾಟ ಸಂಘಗಳ ಶಿಕ್ಷಣಕ್ಕೆ ಒದಗಿದವು. ಈ ಲೆಕ್ಕದಲ್ಲಿ ಸಿಟಾಬ್ರಿಯ ನಮ್ಮ ಪುಷ್ಪಕದ ದಾಯಾದಿಯೇ ಸರಿ. ರಾಮಾಯಣದ ಪುಷ್ಪಕ ಒಡೆಯನ ಇಚ್ಛೆಯನ್ನರಿತು ನಡೆಯುತ್ತಿತ್ತು. ತೊಂಬತ್ತು ಅಶ್ವಶಕ್ತಿಯ ಈ ಪುಷ್ಪಕಕ್ಕೆ ಒಡೆಯನೇ ಅದರ ಇಚ್ಛೆಯನ್ನರಿತು ನಡೆಯಬೇಕಾಗಿತ್ತು.

ಸಿಟಾಬ್ರಿಯ ಮೇಲ್ಮುಖವಾಗಿ ಗುರುತ್ವದ 5 ಪಟ್ಟು, ವಿಲೋಮವಾಗಿ 2 ಪಟ್ಟು ಹೊರೆ ತಾಳುವಂತೆ ಅನುಮತಿ ಪಡೆದಿದೆ. ಲಾಗ, ಉರುಳು ಮೊದಲಾದ ಸೌಮ್ಯ ಕಸರತ್ತುಗಳಿಗೆ ಇಷ್ಟು ಸಾಕು. ಅದರದೇ ವಂಶದ ಡೆಕಾಥ್ಲಾನ್ 6 ಮತ್ತು 5 ಪಟ್ಟುಗಳವರೆಗೆ ತಾಳುತ್ತದೆ. ಬೆನ್ನಡಿ ಹಾರುವಾಗಲೂ ಎಂಜಿನ್ನಿಗೆ ಇಂಧನ ತೈಲಗಳು ದೊರೆಯುವ ಏರ್ಪಾಡು ಅದರಲ್ಲಿದೆ. ಆದರೆ ಆ ಸಾಮರ್ಥ್ಯ ಬಂದಂತೆಲ್ಲ ರೆಕ್ಕೆಯ ತಳ ಉಬ್ಬಿತು, ಫ್ಲಾಪುಗಳು ಹೋದವು, ಇಳಿಯುವ ವೇಗ ಏರಿತು. ಫ್ಲಾಪುಗಳಿರುವ ಸಿಟಾಬ್ರಿಯ ಮಾದರಿಯೊಂದು ಉಂಟಾದರೂ ಜಲ್ಲಿಯ ದಂಡೆಯಲ್ಲಿ ಅದು ಸೂಪರ್ ಕಬ್ಬಿಗೆ ಸರಿಸಾಟಿಯಲ್ಲ, ಸ್ಪರ್ಧೆಯ ಆಕಾಶದಲ್ಲಿ ಪಿಟ್ಸಿಗೂ ಅಲ್ಲ.

ಹೀಗಿರಲು ಕೊಳ್ಳುವವನು ಯಾವುದನ್ನು ಮೊದಲು ಯೋಚಿಸಬೇಕು? ತಾನು ಆಕಾಶದಲ್ಲಿ ಏನು ಮಾಡಬಯಸುವೆನೆಂಬುದನ್ನೇ ಅನೇಕರು ಮೊದಲು ಯೋಚಿಸುತ್ತಾರೆ. ಅದು ಅಪಕ್ರಮ. ಕಸರತ್ತನ್ನು ಮಾಡದೆಯೂ ಇರಬಹುದು. ಮೇಲೇರಿದವನು ಇಳಿಯದೆ ಇರಲಾಗದು. ಆದುದರಿಂದ ಎಲ್ಲಿ ಇಳಿಯಬೇಕು ಎಂಬುದೇ ಮೊದಲ ವಿಚಾರ. ಐಡಾಹೊದ ಜಾನ್ಸನ್ ಕ್ರೀಕ್ ಇಳಿದಾಣ ಸಮುದ್ರಮಟ್ಟದಿಂದ ಸುಮಾರು 4,900 ಅಡಿ ಎತ್ತರದ ಕಣಿವೆಯಲ್ಲಿದೆ. 3,400 ಅಡಿಯ ಹುಲ್ಲುಹಾಸು. ಬೇಸಗೆಯ ಬಿಸಿ ಮಧ್ಯಾಹ್ನದಲ್ಲಿ ಅಲ್ಲಿನ ಗಾಳಿ ತೆಳುವಾಗಿ 7,500 ಅಡಿಗೂ ಮೇಲಿನ ಗಾಳಿಯಂತೆ ವರ್ತಿಸುತ್ತದೆ, ಎಂಜಿನ್ನೂ ರೆಕ್ಕೆಯೂ ಒಟ್ಟಿಗೇ ಸೊರಗುತ್ತವೆ, ಸುತ್ತಲೂ ಬೆಟ್ಟಗಳು. ಇಂಥಲ್ಲಿ ವಾರವಾರವೂ ಇಳಿಯುವವನಿಗೆ ಕಬ್ಬು ಅಥವಾ ಹಸ್ಕಿ ಸಲ್ಲುತ್ತದೆ. ನುಣ್ಣನೆಯ ರನ್‌ವೇಯಿಂದ ಏರಿ ಅಲ್ಲಿಗೇ ಮರಳುವವನು ಕಸರತ್ತಿನ ವಿಮಾನವನ್ನು ನಿರಾತಂಕವಾಗಿ ಕೊಳ್ಳಬಹುದು. ಇನ್ನೂ ತನ್ನ ಒಲವನ್ನೇ ಅರಿಯದವನಿಗೆ ಸಿಟಾಬ್ರಿಯ ಒಳ್ಳೆಯ ಉಪಾಧ್ಯಾಯ. ಎರಡು ವರ್ಷ ಅದರಲ್ಲಿ ಹಾರಿದರೆ ಅವನ ಮನಸ್ಸು ಯಾವ ಕಡೆಗೆಂಬುದು ತಿಳಿಯುತ್ತದೆ.

ಎರಡೂ ಬೇಕೆಂಬ ಹಟದಲ್ಲಿರುವ ನಿಜವಾದ ಅಪಾಯವೆಂದರೆ, ಕಾಡುಮೇಡಿನ ವಿಮಾನವನ್ನು ಕೊಂಡವನು ಒಂದು ಸಂಜೆ ಯಾರೂ ಕಾಣದೆಡೆ ಅದರಲ್ಲಿಯೇ ಲಾಗ ಹಾಕಿ ನೋಡುವುದು. ಕಸರತ್ತಿಗೆ ನೆಲದಿಂದ 1,500 ಅಡಿಯಾದರೂ ಮೇಲಿರಬೇಕು, ಜೊತೆಗಾರನಿದ್ದರೆ ಇಬ್ಬರೂ ಪ್ಯಾರಾಶೂಟು ಧರಿಸಿರಬೇಕು ಎಂದು ಅಮೆರಿಕದ ನಿಯಮ ಹೇಳುತ್ತದೆ. ಅವನು ಇವೆರಡನ್ನೂ ಪಾಲಿಸಿದರೂ ರೆಕ್ಕೆಯ ಬಲ ಹೆಚ್ಚುವುದಿಲ್ಲ. ಅವನು ಕ್ಷೇಮವಾಗಿ ಇಳಿದನೆಂದೇ ಇಟ್ಟುಕೊಳ್ಳೋಣ. ರೆಕ್ಕೆಗೆ ಆದ ನೋವನ್ನು ಬಟ್ಟೆಯೂ ಬಣ್ಣವೂ ಮುಚ್ಚುತ್ತವೆ. ಆ ವಿಮಾನ ಕೆಲವು ವರ್ಷಗಳಲ್ಲಿ ಮಾರಾಟವಾಗಿ, ಏನೂ ಅರಿಯದ ಮತ್ತೊಬ್ಬನ ಮಗನೋ ಮಗಳೋ ಹಿಂದಿನ ಆಸನದಲ್ಲಿ ಕುಳಿತಿರುತ್ತಾರೆ.

ಹಳೆಯ ಸಿಟಾಬ್ರಿಯ, ಡೆಕಾಥ್ಲಾನುಗಳ ರೆಕ್ಕೆಯ ತೊಲೆಗಳು ಸ್ಪ್ರೂಸ್ ಮರದವು. 1990ರ ದಶಕದಿಂದೀಚೆಗೆ ತಯಾರಕರು ಲೋಹದ ತೊಲೆಗಳನ್ನು ಹಾಕುತ್ತಿದ್ದಾರೆ. ಗ್ರೌಂಡ್ ಲೂಪಿನಲ್ಲಿ ರೆಕ್ಕೆ ನೆಲಕ್ಕೆ ತಾಗಿದರೂ ಸಾಕು, ಮರದ ಎಳೆಗಳು ಒತ್ತಿಕೊಂಡು ಕೂದಲೆಳೆಯಷ್ಟು ಸಣ್ಣ ಅಡ್ಡಬಿರುಕು ಹುಟ್ಟುತ್ತದೆ. ಅಂಥ ಬಿರುಕುಗಳಿಗಾಗಿ ಮರದ ತೊಲೆಗಳನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕೆಂದು ಅಲ್ಲಿನ ವಿಮಾನಯಾನ ಆಡಳಿತ ಕಡ್ಡಾಯಗೊಳಿಸಿದೆ. ಹಳೆಯ ವಿಮಾನವನ್ನು ಕೊಳ್ಳುವವನು ಬಣ್ಣದ ಹೊಳಪನ್ನು ನೋಡುವ ಮೊದಲು, ಬಲ್ಲ ಮೆಕ್ಯಾನಿಕ್ಕನೊಬ್ಬನನ್ನು ಕರೆದೊಯ್ದು, ಬಟ್ಟೆಯಲ್ಲಿನ ಪರೀಕ್ಷಾರಂಧ್ರಗಳ ಮುಚ್ಚಳ ತೆಗೆಸಿ, ದೀಪ ಕನ್ನಡಿಗಳನ್ನು ಒಳಗಿಡಿಸಿ, ಆ ತೊಲೆಯನ್ನು ಉದ್ದಕ್ಕೂ ನೋಡಿಸತಕ್ಕದ್ದು.